ರಸ್ತೆ ಅಗಲವಾದಷ್ಟೂ ಕಾರು ಹೆಚ್ಚುವುದೇಕೆ? ಬಸ್ಸಿಗೆ, ಸೈಕಲ್ಲಿಗೆ ಜಾಗ ಎಲ್ಲಿಂದ ತರುವುದು?

ದಾರಿಲೆಕ್ಕ

ಕಾರೋ ಬಸ್ಸೋ ಎಂಬ ವಾದ ಯಾವಾಗಲೂ ‘ಜನಕ್ಕೆ ಕಾರೇ ಇಷ್ಟ’, ‘ಜನಕ್ಕೆ ಬೇರೆ ಗತಿಯಿಲ್ಲ’ ಎಂಬಲ್ಲೇ ಸುತ್ತುತ್ತಿರುತ್ತದೆ. ಇಷ್ಟಾನಿಷ್ಟ ಆಚೆಗಿರಲಿ, ಮೊದಲು ಜಾಗದ ಲೆಕ್ಕ ನೋಡೋಣ.

ಸಾಲಿನಲ್ಲಿ ಸಾಗುವ ಕಾರುಗಳ ನಡುವೆ ಎರಡು ಸೆಕೆಂಡಿನ ಅಂತರ ಇರಬೇಕು. ಎರಡು ಸೆಕೆಂಡಿಗೊಂದು ಕಾರು ಎಂದರೆ ಗಂಟೆಗೆ 1,800. ಸಿಗ್ನಲ್ಲಿನಲ್ಲಿ ಆ ದಿಕ್ಕಿಗೆ ಅರ್ಧ ಹೊತ್ತು ಹಸಿರು ಸಿಕ್ಕರೆ 900. ಒಂದು ಕಾರಿಗೆ ಸರಾಸರಿ 1.3 ಜನ ಎಂದಿಟ್ಟುಕೊಂಡರೆ ಆ ಲೇನಿನಲ್ಲಿ ಗಂಟೆಗೆ ದಾಟುವವರು 1,170 ಜನ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘ ನ್ಯಾಕ್ಟೋ 10 ಅಡಿ ಅಗಲದ ಲೇನಿಗೆ ಕೊಡುವ ಅಂಕಿಯೂ ಇದರ ಆಸುಪಾಸಿನಲ್ಲೇ ಇದೆ: ಖಾಸಗಿ ವಾಹನಗಳಾದರೆ 600ರಿಂದ 1,600 ಜನ, ಬಸ್ಸಿಗೇ ಮೀಸಲಾದರೆ 4,000ದಿಂದ 8,000, ಬೇರ್ಪಡಿಸಿದ ಸೈಕಲ್ ಹಾದಿಯಾದರೆ 7,500ರವರೆಗೆ.

ಹಾಗಾದರೆ ಇನ್ನೊಂದು ಲೇನ್ ಸೇರಿಸಿದರೆ? ಹೂಸ್ಟನ್‌ನ ಕೇಟಿ ಫ್ರೀವೇ 2008ರ ಹೊತ್ತಿಗೆ, ಪಕ್ಕದ ಸರ್ವಿಸ್ ರಸ್ತೆಗಳೂ ಸೇರಿ, ಕೆಲವೆಡೆ 26 ಲೇನ್ ಆಯಿತು. 2011ರಿಂದ 2014ರ ನಡುವೆಯೇ ಬೆಳಗ್ಗೆ, ಸಂಜೆ ಅದನ್ನು ದಾಟಲು ಹಿಡಿಯುವ ಹೊತ್ತು ಮತ್ತೆ ಏರಿತು. ಅಮೆರಿಕದ ಮಹಾನಗರಗಳ ಅಂಕಿಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಾದ ಡ್ಯುರಾಂಟನ್ ಮತ್ತು ಟರ್ನರ್ 2011ರ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ: ಹೆದ್ದಾರಿಯ ಲೇನ್-ಕಿಲೋಮೀಟರ್ (ಎಲ್ಲ ಲೇನುಗಳ ಒಟ್ಟು ಉದ್ದ) ಶೇ. 10 ಹೆಚ್ಚಾದರೆ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಹೆಚ್ಚುತ್ತದೆ. ಆ ಹೆಚ್ಚುವರಿ ಓಡಾಟದಲ್ಲಿ ಪಕ್ಕದ ರಸ್ತೆಯಿಂದ ಸರಿದು ಬಂದದ್ದು ಸ್ವಲ್ಪವೇ. ಅಲ್ಲಿದ್ದವರೇ ಹೆಚ್ಚು ಓಡಿಸತೊಡಗುತ್ತಾರೆ, ಲಾರಿಗಳು ಹೆಚ್ಚುತ್ತವೆ, ಹೊಸಬರು ಬಂದು ನೆಲೆಸುತ್ತಾರೆ.

ನಾಲ್ಕುಚಕ್ರ

ದಾರಿಲೆಕ್ಕ ಅವರೇ, ಅದೇ ಪ್ರಬಂಧದ ಇನ್ನರ್ಧವನ್ನೂ ಹೇಳಬೇಕಿತ್ತು. ಬಸ್ಸು, ರೈಲು ಹೆಚ್ಚಿಸಿದರೂ ವಾಹನಗಳ ಓಡಾಟ ಇಳಿಯುವುದಿಲ್ಲ ಎಂದೂ ಅವರು ಬರೆದಿದ್ದಾರೆ. ಖಾಲಿಯಾದ ಜಾಗವನ್ನು ಬೇರೆ ಕಾರು ತುಂಬುತ್ತದೆ. ಹಾಗಿರುವಾಗ ‘ಬಸ್ ಬಿಡಿ, ದಟ್ಟಣೆ ಕರಗುತ್ತದೆ’ ಎನ್ನುವುದು ‘ರಸ್ತೆ ಅಗಲಿಸಿ, ದಟ್ಟಣೆ ಕರಗುತ್ತದೆ’ ಎನ್ನುವಷ್ಟೇ ತಪ್ಪು.

ಎರಡನೆಯದು ಸಮಯ. 12 ಕಿ.ಮೀ. ಪ್ರಯಾಣ ಇಟ್ಟುಕೊಳ್ಳಿ. ನಿಲ್ದಾಣಕ್ಕೆ ನಡಿಗೆ 6 ನಿಮಿಷ, ಕಾಯುವುದು 8, ಗಂಟೆಗೆ 16 ಕಿ.ಮೀ. ವೇಗದ ಬಸ್ಸಿನಲ್ಲಿ 45, ನಡುವೆ ಬಸ್ ಬದಲಿಸಲು 8, ಕೊನೆಯ ನಡಿಗೆ 6. ಒಟ್ಟು 73. ಕಾರಿನಲ್ಲಿ 20 ಕಿ.ಮೀ. ವೇಗವೆಂದರೂ 36, ನಿಲ್ಲಿಸಲು ಜಾಗ ಹುಡುಕಿ ನಡೆಯಲು 5, ಒಟ್ಟು 41. ಹೋಗಿ ಬರುವುದರಲ್ಲಿ ದಿನಕ್ಕೆ ಒಂದು ಗಂಟೆಯ ಮೇಲೆ ವ್ಯತ್ಯಾಸ. ದಾರಿಯಲ್ಲಿ ಮಗುವನ್ನು ಶಾಲೆಗೆ ಬಿಡಬೇಕಾದರೆ, ರಾತ್ರಿ ಪಾಳಿ ಇದ್ದರೆ, ಮಂಡಿನೋವಿನವರು ಜೊತೆಗಿದ್ದರೆ ಇನ್ನೂ ದೊಡ್ಡದಾಗುತ್ತದೆ. ಕಾರು ಹಿಡಿದವರನ್ನು ಸೋಮಾರಿಗಳು ಎನ್ನುವ ಮೊದಲು ಈ ಲೆಕ್ಕಕ್ಕೆ ಉತ್ತರ ಕೊಡಿ.

ವೇಳಾಪಟ್ಟಿ

ನಾಲ್ಕುಚಕ್ರ ಅವರ 73 ನಿಮಿಷ ಸರಿಯಾದ ಲೆಕ್ಕ. ಅದನ್ನೇ ಬಿಡಿಸಿ ನೋಡಿದರೆ ಏನನ್ನು ರಿಪೇರಿ ಮಾಡಬೇಕು ಎಂಬುದು ಗೊತ್ತಾಗುತ್ತದೆ.

ಮೊದಲು ಕಾಯುವ ಹೊತ್ತು. 10 ನಿಮಿಷಕ್ಕೊಂದು ಬಸ್ಸಿದ್ದರೆ ಸರಾಸರಿ ಕಾಯುವುದು 5 ನಿಮಿಷ ಎಂದು ಕಾಗದದ ಮೇಲೆ ಇರುತ್ತದೆ. ಆದರೆ ಎರಡು ಬಸ್ಸು ಜೋಡಿಯಾಗಿ ಬಂದು ಆಮೇಲೆ 20 ನಿಮಿಷ ಏನೂ ಬರದಿದ್ದರೆ, ಅಷ್ಟೇ ಬಸ್ಸು, ಅಷ್ಟೇ ಚಾಲಕರು, ಅಷ್ಟೇ ಡೀಸೆಲ್ಲಿಗೆ ಸರಾಸರಿ ಕಾಯುವುದು 10 ನಿಮಿಷ. ಲೆಕ್ಕ ಹೀಗೆ: ಪ್ರತಿ ಅಂತರದ ವರ್ಗವನ್ನು ಕೂಡಿಸಿ, ಅಂತರಗಳ ಮೊತ್ತದ ಎರಡರಷ್ಟರಿಂದ ಭಾಗಿಸಿ. 18 ಮತ್ತು 2 ನಿಮಿಷದ ಅಂತರವಿದ್ದರೆ 328ನ್ನು 40ರಿಂದ ಭಾಗಿಸಿ, 8.2 ನಿಮಿಷ. ಉದ್ದನೆಯ ಅಂತರದಲ್ಲೇ ಹೆಚ್ಚು ಜನ ನಿಲ್ದಾಣಕ್ಕೆ ಬರುವುದರಿಂದ ಹೀಗಾಗುತ್ತದೆ.

ಜೋಡಿಯಾಗುವುದು ಚಾಲಕರ ತಪ್ಪಲ್ಲ. ಒಂದು ಬಸ್ಸು ಎರಡು ನಿಮಿಷ ತಡವಾಯಿತು ಎನ್ನಿ, ಮುಂದಿನ ನಿಲ್ದಾಣದಲ್ಲಿ ಅಷ್ಟರಲ್ಲಿ ಇನ್ನಷ್ಟು ಜನ ಸೇರಿರುತ್ತಾರೆ, ಅವರನ್ನು ಹತ್ತಿಸಿಕೊಂಡು ಇನ್ನೂ ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನವೇ ಸಿಗುವುದಿಲ್ಲ, ಅದು ಬೇಗ ಬಂದು ಇದರ ಬೆನ್ನಿಗಂಟುತ್ತದೆ. ಪರಿಹಾರ ಎರಡು. ಕೊನೆ ನಿಲ್ದಾಣದಲ್ಲಿ ಓಡುವ ಹೊತ್ತಿನ ಶೇ. 10ರಿಂದ 15ರಷ್ಟು ಬಿಡುವು ಇರಲಿ, ತಡವಾದದ್ದು ಮುಂದಿನ ಟ್ರಿಪ್ಪಿಗೆ ಹರಿಯದು. ನಡುವೆ ಎರಡು ಮೂರು ಕಡೆ ಮುಂದಿನ ಬಸ್ಸಿನಿಂದ ಎಷ್ಟು ದೂರವಿದ್ದೇವೆ ಎಂದು ನೋಡಿ ಬಸ್ಸನ್ನು ಅರೆ ನಿಮಿಷವೋ ಒಂದು ನಿಮಿಷವೋ ತಡೆದು ಬಿಡಬೇಕು. 10 ನಿಮಿಷಕ್ಕಿಂತ ಹತ್ತಿರ ಓಡುವ ಮಾರ್ಗದಲ್ಲಿ ಗಡಿಯಾರದ ಹಿಂದೆ ಬಿದ್ದರೆ ಪ್ರಯೋಜನವಿಲ್ಲ, ಅಂತರ ಕಾಯಬೇಕು.

ಎರಡನೆಯದು ಬಸ್ಸಿನೊಳಗಿನ 45 ನಿಮಿಷ. 250 ಮೀಟರಿಗೊಂದು ನಿಲ್ದಾಣವಿದ್ದರೆ 10 ಕಿ.ಮೀ.ಗೆ 40 ನಿಲ್ದಾಣ, 400 ಮೀಟರಿಗಾದರೆ 25. ಜನ ಹತ್ತಿ ಇಳಿಯುವುದನ್ನು ಬಿಟ್ಟು, ಬರೀ ವೇಗ ತಗ್ಗಿಸಿ, ನಿಂತು, ಮತ್ತೆ ಹೊರಡಲು ಪ್ರತಿ ನಿಲ್ದಾಣಕ್ಕೆ 20 ಸೆಕೆಂಡ್ ಎಂದರೆ 15 ನಿಲ್ದಾಣಕ್ಕೆ 5 ನಿಮಿಷ ಉಳಿಯಿತು. ಚಾಲಕರೇ ಚಿಲ್ಲರೆ ಎಣಿಸಿ ಟಿಕೆಟ್ ಕೊಡುವ ಬಸ್ಸಿನಲ್ಲಿ ಒಬ್ಬರಿಗೆ ಸುಮಾರು 5 ಸೆಕೆಂಡ್ ಹಿಡಿಯುತ್ತದೆ. ಮೊದಲೇ ಟಿಕೆಟ್ ಪಡೆದು ಎಲ್ಲ ಬಾಗಿಲಿನಿಂದ ಹತ್ತಿದರೆ ಒಂದು ಸೆಕೆಂಡಿನ ಆಸುಪಾಸು. 60 ಜನ ಹತ್ತುವ ಟ್ರಿಪ್ಪಿನಲ್ಲಿ ಅದು 4 ನಿಮಿಷ.

ಬಸ್ ಲೇನಿನ ಲಾಭವನ್ನು ಎಲ್ಲರೂ ಪ್ರಯಾಣಿಕರ ಕಡೆಯಿಂದಷ್ಟೇ ನೋಡುತ್ತಾರೆ. ಡಿಪೋದ ಕಡೆಯಿಂದ ನೋಡಿ: ಹೋಗಿ ಬಂದು ಬಿಡುವೂ ಸೇರಿ 100 ನಿಮಿಷ ಹಿಡಿಯುವ ಮಾರ್ಗದಲ್ಲಿ 10 ನಿಮಿಷಕ್ಕೊಂದು ಬಿಡಲು 10 ಬಸ್ಸು ಬೇಕು. ಲೇನ್, ನಿಲ್ದಾಣ, ಟಿಕೆಟ್ ಎಲ್ಲ ಸರಿಪಡಿಸಿ 80 ನಿಮಿಷಕ್ಕೆ ಇಳಿಸಿದರೆ ಅದೇ 10 ಬಸ್ಸಿನಲ್ಲಿ 8 ನಿಮಿಷಕ್ಕೊಂದು ಓಡುತ್ತದೆ. ಹೊಸ ಬಸ್ಸೂ ಬೇಡ, ಹೊಸ ಚಾಲಕರೂ ಬೇಡ. ದಟ್ಟಣೆಯಲ್ಲಿ ನಿಂತ ಬಸ್ಸು ಪ್ರತಿ ವರ್ಷ ನುಂಗುವ ದುಡ್ಡು ಯಾರ ಲೆಕ್ಕದ ಪುಸ್ತಕದಲ್ಲೂ ‘ದಟ್ಟಣೆ’ ಎಂಬ ಹೆಸರಿನಲ್ಲಿ ಇರುವುದಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರ ತರಿಸುವ ವಿಷಯ.

ದಾರಿಲೆಕ್ಕ

ನಾಲ್ಕುಚಕ್ರ ಅವರೇ, ಒಪ್ಪಿದೆ, ಆ ಅರ್ಧವನ್ನು ಬಿಟ್ಟದ್ದು ನನ್ನ ತಪ್ಪು. ನಿಮ್ಮ ಮಾತಿಗೆ ಸ್ಟಾಕ್‌ಹೋಮ್ ಒಳ್ಳೆಯ ಸಾಕ್ಷಿ. ಅಲ್ಲಿ ಹೊಸ ಬಸ್ ಮಾರ್ಗಗಳು 2005ರ ಆಗಸ್ಟ್ ಕೊನೆಗೇ ಶುರುವಾದವು, ಕಾರುಗಳು ಇಳಿದದ್ದು ಕಾಣಲಿಲ್ಲ. 2006ರ ಜನವರಿಯಲ್ಲಿ ನಗರದ ಒಳಭಾಗಕ್ಕೆ ಹೋಗಿಬರುವ ವಾಹನಕ್ಕೆ ಶುಲ್ಕ ಹಾಕಿದಾಗ ಗಡಿ ದಾಟುವ ವಾಹನಗಳು ಸುಮಾರು ಶೇ. 20 ಇಳಿದವು. ಜುಲೈ ಕೊನೆಗೆ ಪ್ರಯೋಗ ನಿಂತಿತು, ವಾಹನಗಳು ಬಹುಪಾಲು ವಾಪಸು ಬಂದವು. ಜನಮತದ ನಂತರ 2007ರ ಆಗಸ್ಟಿನಿಂದ ಶುಲ್ಕ ಕಾಯಂ ಆಯಿತು.

ಹಾಗಾಗಿ ನನ್ನ ವಾದವನ್ನು ತಿದ್ದಿಕೊಳ್ಳುತ್ತೇನೆ: ಬಸ್ಸು ದಟ್ಟಣೆ ಕರಗಿಸುವುದಿಲ್ಲ. ದಟ್ಟಣೆಯಿದ್ದರೂ ಜನ ಸಾಗುವಂತೆ ಮಾಡುತ್ತದೆ. ದಟ್ಟಣೆ ಇಳಿಯಬೇಕಾದರೆ ಕಾರಿಗೆ ಕೊಟ್ಟ ಜಾಗವನ್ನು ಹಿಂದಕ್ಕೆ ಪಡೆಯಬೇಕು, ಇಲ್ಲವೇ ಅದಕ್ಕೆ ಬೆಲೆ ಕಟ್ಟಬೇಕು.

ಕಾಲ್ದಾರಿ

ಬಸ್ ಪ್ರಯಾಣವನ್ನೇ ಉಚಿತ ಮಾಡಿದರೆ?

ವೇಳಾಪಟ್ಟಿ

ಎಸ್ಟೋನಿಯಾದ ರಾಜಧಾನಿ ಟಾಲಿನ್ 2013ರಿಂದ ತನ್ನ ನಿವಾಸಿಗಳಿಗೆ ಉಚಿತ ಮಾಡಿದೆ. ಹೊಸದಾಗಿ ಬಸ್ ಹತ್ತಿದವರಲ್ಲಿ ಅದುವರೆಗೆ ನಡೆದು ಹೋಗುತ್ತಿದ್ದವರೇ ಬಹಳ. ಕಾರಿನ ಓಡಾಟ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಕಾರಿನವರಿಗೆ ಅಡ್ಡವಿರುವುದು ಟಿಕೆಟ್ ದರವಲ್ಲ, ಮೇಲೆ ಹೇಳಿದ 73 ಮತ್ತು 41ರ ನಡುವಿನ 32 ನಿಮಿಷದ ವ್ಯತ್ಯಾಸ. ಬಡವರ ಕೈ ಹಿಡಿಯಲು ಉಚಿತ ಪ್ರಯಾಣ ಒಳ್ಳೆಯದೇ, ಅದನ್ನು ಆ ಕಾರಣಕ್ಕೇ ಮಾಡಬೇಕು. ಆದರೆ ಅದೇ ಹಣದಲ್ಲಿ 20 ನಿಮಿಷದ ಬಸ್ಸನ್ನು 10 ನಿಮಿಷಕ್ಕೆ ತರುವುದಾದರೆ ಅದು ಮೊದಲು ಆಗಲಿ.

ನಾಲ್ಕುಚಕ್ರ

ಸರಿ. ಸೈಕಲ್ಲಿನ ಮಾತಿಗೆ ಬನ್ನಿ. ದಿಣ್ಣೆ, ಬೆವರು, ಲಾರಿ. ಮೂರಕ್ಕೂ ಉತ್ತರ ಬೇಕು.

ಕಡ್ಡಿಚಕ್ರ

ಲಾರಿಯಿಂದ ಶುರು ಮಾಡುತ್ತೇನೆ, ಉಳಿದೆರಡು ಸುಲಭ.

ಗಂಟೆಗೆ 30 ಕಿ.ಮೀ. ವೇಗದಲ್ಲಿ ಚಾಲಕ ಅಪಾಯ ಕಂಡು ಬ್ರೇಕ್ ಒತ್ತುವ ಒಂದು ಸೆಕೆಂಡಿನಲ್ಲಿ ವಾಹನ 8.3 ಮೀಟರ್ ಸಾಗುತ್ತದೆ, ಒಣ ರಸ್ತೆಯಲ್ಲಿ ನಿಲ್ಲಲು ಇನ್ನೊಂದು 5 ಮೀಟರ್. ಒಟ್ಟು 13.3. ಗಂಟೆಗೆ 50 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿಗೇ 13.9 ಮೀಟರ್ ಆಗುತ್ತದೆ. ಅಂದರೆ 30ರಲ್ಲಿದ್ದ ಕಾರು ಪೂರ್ತಿ ನಿಂತ ಜಾಗದಲ್ಲಿ 50ರಲ್ಲಿದ್ದ ಕಾರು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ, ಅದೇ ವೇಗದಲ್ಲಿ ಬಂದು ಬಡಿಯುತ್ತದೆ. ಆದ್ದರಿಂದ ವಾಹನ 30ಕ್ಕಿಂತ ನಿಧಾನವಾಗಿ ಹೋಗುವ ಒಳರಸ್ತೆಯಲ್ಲಿ ಸೈಕಲ್ ಜೊತೆಗೇ ಸಾಗಬಹುದು. ಅದಕ್ಕಿಂತ ವೇಗದ ರಸ್ತೆಯಲ್ಲಿ ಬೇರ್ಪಡಿಸಲೇಬೇಕು. ಬಿಳಿ ಗೆರೆ ಬಳಿದದ್ದು ಬೇರ್ಪಡಿಸಿದ್ದಲ್ಲ, ಅದರ ಮೇಲೆ ಕಾರು ನಿಲ್ಲಿಸುತ್ತಾರೆ ಅಷ್ಟೆ.

ಏಕಮುಖ ಸೈಕಲ್ ಹಾದಿಗೆ 2 ಮೀಟರ್ ಅಗಲ ಬೇಕು, 2.5 ಇದ್ದರೆ ಒಬ್ಬರನ್ನೊಬ್ಬರು ನೆಮ್ಮದಿಯಿಂದ ದಾಟಬಹುದು. ಪಕ್ಕದಲ್ಲಿ ಕಾರು ನಿಲ್ಲುವ ಸಾಲಿದ್ದರೆ ನಡುವೆ ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಖಾಲಿ ಜಾಗ ಬಿಡಿ, ತಟ್ಟನೆ ತೆರೆದ ಬಾಗಿಲಿಗೆ ಸೈಕಲ್ಲಿನವರು ಬಡಿದು ಲಾರಿಯ ಕೆಳಗೆ ಬೀಳುವುದು ಇಂಥಲ್ಲೇ. ಅಂಚಿನ ಕಲ್ಲು ನೆಟ್ಟಗೆ ನಿಂತಿದ್ದರೆ ಪೆಡಲ್ ತಾಗಿ ಬೀಳುತ್ತಾರೆ, ಆದ್ದರಿಂದ ಇಳಿಜಾರಾಗಿರಲಿ.

ಇನ್ನೊಂದು ಮಾತು: ತುಂಡು ತುಂಡಾಗಿ ಮಾಡಿದ ಹಾದಿ ಖಾಲಿ ಬೀಳುತ್ತದೆ, ಆಮೇಲೆ ‘ನೋಡಿ, ಯಾರೂ ಬಳಸುವುದಿಲ್ಲ’ ಎಂದು ಕೀಳುತ್ತಾರೆ. ಸ್ಪೇನಿನ ಸೆವಿಲ್ ನಗರ 2006ರಿಂದ ನಾಲ್ಕೈದು ವರ್ಷದಲ್ಲಿ ಸುಮಾರು 120 ಕಿ.ಮೀ. ಹಾದಿಯನ್ನು ಒಂದಕ್ಕೊಂದು ಕೂಡುವಂತೆ ಮಾಡಿ ಮುಗಿಸಿತು, ಜಾಗವನ್ನು ಬಹುಪಾಲು ಕಾರು ನಿಲ್ಲಿಸುವ ಸಾಲಿನಿಂದ ಪಡೆಯಿತು. ಎಲ್ಲೋ ಶೇ. 1ರೊಳಗಿದ್ದ ಸೈಕಲ್ ಪ್ರಯಾಣದ ಪಾಲು ಹಲವು ಪಟ್ಟು ಏರಿತು. ನೆದರ್ಲೆಂಡಿನ ಗ್ರೋನಿಂಗನ್ 1977ರಲ್ಲಿ ಇನ್ನೊಂದು ದಾರಿ ಹಿಡಿಯಿತು: ನಗರದ ನಡುಭಾಗವನ್ನು ನಾಲ್ಕು ಪಾಲು ಮಾಡಿ, ಒಂದರಿಂದ ಇನ್ನೊಂದಕ್ಕೆ ಕಾರು ನೇರವಾಗಿ ಹೋಗದಂತೆ ಮಾಡಿತು. ಕಾರು ಎಲ್ಲಿಗೂ ಹೋಗಬಹುದು, ಆದರೆ ಹೊರವರ್ತುಲಕ್ಕೆ ಬಂದು ಸುತ್ತಬೇಕು. ಸೈಕಲ್, ಬಸ್ಸಿಗೆ ನೇರ ದಾರಿ. ಬೆಲ್ಜಿಯಮ್ಮಿನ ಘೆಂಟ್ 2017ರಲ್ಲಿ ಇದನ್ನೇ ಆರು ಪಾಲಿನಲ್ಲಿ ಮಾಡಿತು. ಗೋಡೆ ಕಟ್ಟಿಲ್ಲ, ರಸ್ತೆ ಅಗೆದಿಲ್ಲ, ಬೇಕಾದದ್ದು ಹೂಕುಂಡ, ಕಂಬ ಮತ್ತು ಕ್ಯಾಮೆರಾ.

ದಿಣ್ಣೆ. ಸವಾರ, ಸೈಕಲ್ ಸೇರಿ 95 ಕಿಲೋ ತೂಕಕ್ಕೆ ಶೇ. 5ರ ಏರಿನಲ್ಲಿ ಗಂಟೆಗೆ 10 ಕಿ.ಮೀ. ಸಾಗಲು ಸುಮಾರು 145 ವ್ಯಾಟ್ ಬೇಕು. ಗೇರಿಲ್ಲದ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಆ ವೇಗದಲ್ಲಿ ನಿಮಿಷಕ್ಕೆ 30 ಸುತ್ತು ಮಾತ್ರ ತುಳಿಯಲಾಗುತ್ತದೆ, ಇಡೀ ಭಾರ ಮಂಡಿಯ ಮೇಲೆ. ಮುಂದೆ 38, ಹಿಂದೆ 32 ಹಲ್ಲಿನ ಗೇರಿದ್ದರೆ ಸುಮಾರು 65 ಸುತ್ತು, ಕಾಲಿಗೆ ಹಗುರ. ಏರು ಇರುವ ಊರಿಗೆ ಸೈಕಲ್ ಕೊಳ್ಳುವವರು ಗೇರಿನ ಸಂಖ್ಯೆ ನೋಡುತ್ತಾರೆ, ನೋಡಬೇಕಾದದ್ದು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲಿನ ಲೆಕ್ಕ. ಅದೂ ಸಾಲದಿದ್ದರೆ ವಿದ್ಯುತ್ ಸೈಕಲ್: ಐರೋಪ್ಯ ನಿಯಮದಲ್ಲಿ 250 ವ್ಯಾಟ್ ಮೋಟಾರು, 25 ಕಿ.ಮೀ. ವೇಗಕ್ಕೆ ಅದರ ನೆರವು ನಿಲ್ಲುತ್ತದೆ.

ಬೆವರು. ಸಮತಟ್ಟಾದ ರಸ್ತೆಯಲ್ಲಿ ನೆಟ್ಟಗೆ ಕೂತು 18 ಕಿ.ಮೀ. ವೇಗಕ್ಕೆ 75 ವ್ಯಾಟ್ ಸಾಕು, 25ಕ್ಕೆ ಅದರ ಎರಡರಷ್ಟು, ಗಾಳಿಯೇ ಹೆಚ್ಚಿನದನ್ನು ತಿನ್ನುತ್ತದೆ. 6 ಕಿ.ಮೀ.ಗೆ ಉಳಿಯುವುದು ಆರು ನಿಮಿಷವೂ ಅಲ್ಲ. ನಿಧಾನವಾಗಿ ಹೋಗಿ, ಚೀಲ ಬೆನ್ನಿಗೆ ಬೇಡ, ಕ್ಯಾರಿಯರ್ ಮೇಲಿರಲಿ.

ಮೂಲೆತಿರುವು

ಕಡ್ಡಿಚಕ್ರ ಹೇಳಿದ ಹಾದಿ ಚೆನ್ನಾಗಿದ್ದೂ ಸೋಲುವುದು ಎರಡು ಕಡೆ: ಅಡ್ಡರಸ್ತೆಯ ಬಾಯಿಯಲ್ಲಿ, ಬಸ್ ನಿಲ್ದಾಣದಲ್ಲಿ.

ಅಡ್ಡರಸ್ತೆಗೆ ತಿರುಗುವ ಕಾರಿನ ಚಾಲಕರಿಗೆ ಪಕ್ಕದಲ್ಲಿ ನೇರ ಬರುತ್ತಿರುವ ಸೈಕಲ್ ಕಾಣುವುದಿಲ್ಲ. ಸೈಕಲ್ ದಾಟುವ ಜಾಗವನ್ನು ಮುಖ್ಯರಸ್ತೆಯ ಅಂಚಿನಿಂದ ಸುಮಾರು 5 ಮೀಟರ್, ಒಂದು ಕಾರಿನ ಉದ್ದದಷ್ಟು, ಒಳಕ್ಕೆ ಸರಿಸಿ. ಆಗ ಕಾರು ಪೂರ್ತಿ ತಿರುಗಿ ಸೈಕಲ್ಲಿಗೆ ಎದುರಾಗಿ ನಿಲ್ಲುತ್ತದೆ, ಹಿಂದಿನ ವಾಹನಕ್ಕೂ ಅಡ್ಡವಾಗುವುದಿಲ್ಲ. ಮೂಲೆಯ ತಿರುವನ್ನು ಬಿಗಿ ಮಾಡಿ, ದಾಟುವ ಜಾಗವನ್ನು ಫುಟ್‌ಪಾತಿನ ಎತ್ತರಕ್ಕೇ ಏರಿಸಿ. ಬಸ್ ಓಡುವ ರಸ್ತೆಯಲ್ಲಿ ಈ ಉಬ್ಬಿನ ಮೇಲ್ಭಾಗ ಕನಿಷ್ಠ 6 ಮೀಟರ್ ಸಮತಟ್ಟಾಗಿರಲಿ, ಇಲ್ಲದಿದ್ದರೆ ಮುಂದಿನ ಚಕ್ರ ಇಳಿಯುವಾಗ ಹಿಂದಿನದು ಏರಿ ಒಳಗೆ ನಿಂತವರು ಮುಗ್ಗರಿಸುತ್ತಾರೆ.

ಬಸ್ ನಿಲ್ದಾಣದಲ್ಲಿ ಸೈಕಲ್ ಹಾದಿಯನ್ನು ನಿಲ್ದಾಣದ ಹಿಂದಿನಿಂದ ಒಯ್ಯುವುದು ವಾಡಿಕೆ. ಬಸ್ಸು-ಸೈಕಲ್ ತಿಕ್ಕಾಟ ಇದರಿಂದ ತಪ್ಪುತ್ತದೆ, ಆದರೆ ಕಣ್ಣು ಕಾಣದವರಿಗೆ ಹೊಸ ಅಪಾಯ ತಂದಿಡುತ್ತದೆ. ಸೈಕಲ್ಲಿಗೆ ಸದ್ದಿಲ್ಲ. ನಿಲ್ದಾಣದ ದ್ವೀಪ ಎರಡೂವರೆ ಮೀಟರಾದರೂ ಅಗಲವಿರಲಿ, ದಾಟುವ ಜಾಗ ಒಂದೇ ಇರಲಿ, ಅಲ್ಲಿ ಕಾಲಿಗೆ ತಿಳಿಯುವ ಉಬ್ಬುಹಾಸು ಹಾಕಿ, ಸೈಕಲ್ ಹಾದಿಯನ್ನು ಕಿರಿದು ಮಾಡಿ ವೇಗ ಇಳಿಸಿ. ಇದನ್ನು ಬಿಟ್ಟರೆ ಸೈಕಲ್ಲಿನವರ ಅನುಕೂಲಕ್ಕೆ ಅಂಧರು ಬೆಲೆ ತೆರುತ್ತಾರೆ, ಅದು ಸಲ್ಲದು.

ಬಸ್ ಲೇನಿನ ಡಾಂಬರು ಬೇಗ ಅಲೆಅಲೆಯಾಗುವುದಕ್ಕೂ ಕಾರಣವಿದೆ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ಬಂದ ಸೂತ್ರದಂತೆ ಸವೆತ ಅಚ್ಚಿನ ಭಾರದ ನಾಲ್ಕನೇ ಘಾತದಲ್ಲಿ ಏರುತ್ತದೆ. ಮುಕ್ಕಾಲು ಟನ್ನಿನ ಕಾರಿನ ಅಚ್ಚಿಗೆ ಹೋಲಿಸಿದರೆ 10 ಟನ್ನಿನ ಬಸ್ಸಿನ ಅಚ್ಚು ಸುಮಾರು 30 ಸಾವಿರ ಪಟ್ಟು ಸವೆಸುತ್ತದೆ. ಬಸ್ಸು ಬ್ರೇಕ್ ಹಾಕುವ ಜಾಗದಲ್ಲಿ ಬಿಸಿಲಿಗೆ ಮೆದುವಾದ ಡಾಂಬರು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ನಿಲ್ದಾಣದ ಮುಂದೆ ಕಾಂಕ್ರೀಟ್ ಹಾಸು ಮೊದಲೇ ಹಾಕಿಬಿಡಿ.

ಸಿಗ್ನಲ್ಲಿನಲ್ಲಿ ಬಸ್ಸಿಗೆ ಹಸಿರನ್ನು 10 ಸೆಕೆಂಡ್ ಹಿಗ್ಗಿಸುವ ವ್ಯವಸ್ಥೆ ಇದ್ದರೆ ನಿಲ್ದಾಣವನ್ನು ಸಿಗ್ನಲ್ ದಾಟಿದ ಮೇಲೆ ಇಡಬೇಕು. ಮೊದಲೇ ಇಟ್ಟರೆ ಹಿಗ್ಗಿಸಿದ ಹಸಿರು ಜನ ಹತ್ತುವುದರಲ್ಲೇ ಮುಗಿದುಹೋಗುತ್ತದೆ.

ನಾಲ್ಕುಚಕ್ರ

ಇವೆಲ್ಲಕ್ಕೂ ಜಾಗ ಕೊಡುತ್ತಿರುವುದು ಕಾರು ನಿಲ್ಲಿಸುವ ಸಾಲು. ಅಂಗಡಿಗೆ ಸರಕು ಇಳಿಸುವವರು, ಗಾಲಿಕುರ್ಚಿಯವರು ಎಲ್ಲಿ ನಿಲ್ಲಬೇಕು?

ದಾರಿಲೆಕ್ಕ

ಅವರಿಗೆ ಈಗಲೂ ಜಾಗವಿಲ್ಲ, ಬೆಳಗ್ಗೆ ನಿಲ್ಲಿಸಿ ಸಂಜೆ ತೆಗೆಯುವ ಕಾರುಗಳು ತುಂಬಿರುತ್ತವೆ. ಸರಕಿನ ಗಾಡಿ ಎರಡನೇ ಸಾಲಿನಲ್ಲಿ ನಿಂತು ಇಡೀ ಲೇನ್ ಕಟ್ಟುವುದು ಇದರಿಂದಲೇ. ಪ್ರತಿ ಬೀದಿಯಲ್ಲೂ ಮೊದಲು ಗಾಲಿಕುರ್ಚಿಯವರ ಜಾಗ ಗುರುತಿಸಿ: ಪಕ್ಕದಲ್ಲಿ ಕನಿಷ್ಠ 1.2 ಮೀಟರ್ ಖಾಲಿ, ಫುಟ್‌ಪಾತಿಗೆ ಇಳಿಜಾರು. ಆಮೇಲೆ ಸರಕಿನ ಜಾಗ, 15-20 ನಿಮಿಷದ ಮಿತಿಯಲ್ಲಿ. ಉಳಿದದ್ದಕ್ಕೆ ದರ. ಪಾರ್ಕಿಂಗ್ ಅಧ್ಯಯನಕ್ಕೆ ಹೆಸರಾದ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಹೇಳಿಕೊಟ್ಟ ಅಳತೆ ಸರಳವಾಗಿದೆ: ಬೀದಿಯ ಶೇ. 85ರಷ್ಟು ಜಾಗ ತುಂಬಿ, ಒಂದೆರಡು ಸದಾ ಖಾಲಿ ಇರುವಂತೆ ದರ ಏರಿಳಿಸಿ. ಪೂರ್ತಿ ತುಂಬಿದ್ದರೆ ದರ ಕಡಿಮೆಯಾಯಿತು, ಅರ್ಧ ಖಾಲಿ ಇದ್ದರೆ ಹೆಚ್ಚಾಯಿತು.

ಕಟ್ಟಡದೊಳಗಿನ ಲೆಕ್ಕವೂ ಇದೆ. ನಿಂತ ಕಾರಿಗೆ 12.5 ಚದರ ಮೀಟರ್ ಸಾಕು, ಆದರೆ ಒಳಬಂದು ತಿರುಗುವ ದಾರಿ ಸೇರಿಸಿದರೆ 25ರಿಂದ 30, ಸಣ್ಣದೊಂದು ಮನೆಯಷ್ಟು. ಇಷ್ಟು ಫ್ಲ್ಯಾಟಿಗೆ ಇಷ್ಟು ಕಾರಿನ ಜಾಗ ಕಡ್ಡಾಯ ಎಂಬ ನಿಯಮವಿರುವಲ್ಲಿ ಕಾರಿಲ್ಲದವರೂ ಅದರ ಖರ್ಚು ಹೊರುತ್ತಾರೆ. ಜಪಾನ್ 1962ರ ಕಾನೂನಿನಿಂದ ಭಾರವನ್ನು ತಿರುಗಿಸಿ ಇಟ್ಟಿತು: ಮನೆಯಿಂದ 2 ಕಿ.ಮೀ. ಒಳಗೆ ರಸ್ತೆಯಲ್ಲದ ಕಡೆ ನಿಲ್ಲಿಸುವ ಜಾಗವಿದೆ ಎಂದು ಕಾರಿನ ಮಾಲೀಕರೇ ತೋರಿಸಬೇಕು.

ನಾಲ್ಕುಚಕ್ರ

ಇದನ್ನು ಒಪ್ಪುತ್ತೇನೆ. ಆದರೆ ನಗರದ ಹೊರಭಾಗದವರಿಗೆ 400 ಮೀಟರಿನಲ್ಲಿ ನಿಲ್ದಾಣ ಎಂದೂ ಸಿಗದು. ಮೊದಲು ಅವರ ಮೇಲೆ ಶುಲ್ಕ ಹಾಕಿ ಆಮೇಲೆ ಬಸ್ ಬಿಡುತ್ತೇವೆ ಎಂದರೆ ಅನ್ಯಾಯ.

ಕಡ್ಡಿಚಕ್ರ

ನಿಜ, ಕ್ರಮ ತಪ್ಪಬಾರದು. ಅಲ್ಲಿಗೆ ಸೈಕಲ್ ಮತ್ತು ರೈಲು ಕೂಡಿದರೆ ಬಲ. ಐದು ನಿಮಿಷದ ನಡಿಗೆ 400 ಮೀಟರ್, ಐದು ನಿಮಿಷದ ಸೈಕಲ್ 1,250 ಮೀಟರ್. ಸುತ್ತಳತೆಯೊಳಗಿನ ನೆಲ ಹೆಚ್ಚುಕಡಿಮೆ ಹತ್ತು ಪಟ್ಟು. ಉಟ್ರೆಕ್ಟ್ ರೈಲು ನಿಲ್ದಾಣದಡಿ 12,500 ಸೈಕಲ್ ನಿಲ್ಲಿಸುವ ಕಟ್ಟಡ 2019ರಲ್ಲಿ ಪೂರ್ತಿಯಾದದ್ದು ಈ ಲೆಕ್ಕದ ಮೇಲೆಯೇ. ಅಷ್ಟು ದೊಡ್ಡದು ಎಲ್ಲರಿಗೂ ಬೇಡ. ನೆಲಕ್ಕೆ ಹೂತ ತಲೆಕೆಳಗಾದ ‘ಯು’ ಆಕಾರದ ಕೊಳವೆ, 75 ಸೆಂ.ಮೀ. ಎತ್ತರ, ಒಂದಕ್ಕೊಂದು ಒಂದು ಮೀಟರ್ ದೂರ, ಮೇಲೊಂದು ಸೂರು, ಜನ ಓಡಾಡುವ ಬಾಗಿಲಿಗೆ ಹತ್ತಿರ. ಮುಂದಿನ ಚಕ್ರವನ್ನಷ್ಟೇ ಸಿಕ್ಕಿಸುವ ಸ್ಟ್ಯಾಂಡ್ ಬೇಡ: ಪಕ್ಕದ ಸೈಕಲ್ ವಾಲಿದರೆ ರಿಮ್ ಬಾಗುತ್ತದೆ, ಚೌಕಟ್ಟಿಗೆ ಬೀಗ ಹಾಕಲಾಗದು, ಚಕ್ರ ಬಿಟ್ಟು ಉಳಿದದ್ದನ್ನು ಕಳ್ಳರು ಒಯ್ಯುತ್ತಾರೆ.

ವೇಳಾಪಟ್ಟಿ

ಕ್ರಮದ ಮಾತು ಬಂದದ್ದರಿಂದ ಇದನ್ನೂ ಸೇರಿಸುತ್ತೇನೆ. ಯಾವ ರಸ್ತೆಯಲ್ಲಿ ಲೇನ್ ತೆಗೆಯುವ ಮೊದಲೂ ಎಣಿಕೆ ಆಗಬೇಕು, ವಾಹನಗಳದ್ದಲ್ಲ, ಜನರದ್ದು. ಮಂಗಳವಾರದಿಂದ ಗುರುವಾರದೊಳಗಿನ ಎರಡು ದಿನ, ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, 15 ನಿಮಿಷದ ಕಂತಿನಲ್ಲಿ. ಒಬ್ಬರು ಕಾರಿನೊಳಗಿನ ತಲೆ ಎಣಿಸಲಿ, ಒಬ್ಬರು ಬಸ್ಸಿನದು (ಖಾಲಿ, ಸೀಟು ಭರ್ತಿ, ನಿಂತವರಿದ್ದಾರೆ, ಕಿಕ್ಕಿರಿದಿದೆ ಎಂಬ ನಾಲ್ಕು ಗುರುತು ಸಾಕು), ಒಬ್ಬರು ಸೈಕಲ್ ಮತ್ತು ನಡೆಯುವವರದು. ಪಕ್ಕದ ಎರಡು ಸಮಾನಾಂತರ ರಸ್ತೆಗಳಲ್ಲೂ ಅದೇ ದಿನ ಎಣಿಸಿ, ಇಲ್ಲದಿದ್ದರೆ ಕಾರು ಇಳಿಯಿತೋ ಪಕ್ಕಕ್ಕೆ ಸರಿಯಿತೋ ಎಂದು ಆಮೇಲೆ ಹೇಳಲಾಗದು. ಬದಲಾವಣೆಯಾದ ಮೊದಲ ತಿಂಗಳ ಎಣಿಕೆಯನ್ನು ನಂಬಬೇಡಿ, ಜನ ಇನ್ನೂ ಹೊಸ ದಾರಿ ಹುಡುಕುತ್ತಿರುತ್ತಾರೆ. ಆರು ತಿಂಗಳಿಗೊಮ್ಮೆ, ವರ್ಷ ತುಂಬಿದಾಗ ಅದೇ ತಿಂಗಳಲ್ಲಿ ಇನ್ನೊಮ್ಮೆ ಎಣಿಸಿ. ಶಾಲೆಯ ರಜೆ ನಡುವೆ ಬಂದಿದ್ದರೆ ಆ ವಾರ ಬಿಟ್ಟುಬಿಡಿ.

ನಾಲ್ಕುಚಕ್ರ

ನಿಂತ ಕಾರುಗಳನ್ನೂ ಎಣಿಸಿ. ಅರ್ಧ ಗಂಟೆಗೊಮ್ಮೆ ಬೀದಿಯುದ್ದಕ್ಕೂ ನಡೆದು ಪ್ರತಿ ಜಾಗದ ಕಾರಿನ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಂಡರೆ ಯಾವುದು ಎಷ್ಟು ಹೊತ್ತು ನಿಂತಿತು ಎಂದು ತಿಳಿಯುತ್ತದೆ. ದಿನವಿಡೀ ನಿಂತವು ಎಷ್ಟು, ಗಿರಾಕಿಗಳದ್ದು ಎಷ್ಟು ಎಂಬ ಪಟ್ಟಿ ಕೈಯಲ್ಲಿದ್ದರೆ ಅಂಗಡಿಯವರ ಜೊತೆ ಮಾತಾಡುವುದು ಸುಲಭ.